ಎಣಿಸಿದ ಹಾಳೆಗಳು

ನೋಟು ಅಚ್ಚು ಹಾಕುವ ಕಾರ್ಖಾನೆಯಲ್ಲಿ ಅತಿ ಹೆಚ್ಚು ಸಲ ನಡೆಯುವ ಕೆಲಸ ಎಣಿಕೆ. ಗಿರಣಿಯಿಂದ ಬಂದ ಹಾಳೆಗಳನ್ನು ಮುದ್ರಣಾಲಯದ ಬಾಗಿಲಲ್ಲೇ ಎಣಿಸಿ ಒಳಗೆ ತೆಗೆದುಕೊಳ್ಳುತ್ತಾರೆ. ಒಂದು ಯಂತ್ರದಿಂದ ಇನ್ನೊಂದಕ್ಕೆ ಹೋಗುವಾಗ ಮತ್ತೆ ಎಣಿಸುತ್ತಾರೆ. ಶಾಯಿ ಹರಡಿ ಕೆಟ್ಟ ಹಾಳೆ, ಮಡಚಿಕೊಂಡು ಹರಿದ ಹಾಳೆ, ಯಂತ್ರ ಹದಕ್ಕೆ ಬರುವವರೆಗೆ ಓಡಿಸಿದ ಹಾಳೆ, ಎಲ್ಲಕ್ಕೂ ಲೆಕ್ಕದಲ್ಲಿ ಜಾಗ ಉಂಟು. ಒಳಗೆ ಬಂದದ್ದು ಎಷ್ಟು, ನೋಟಾಗಿ ಹೊರಟದ್ದು ಎಷ್ಟು, ಕೆಟ್ಟು ನಾಶವಾದದ್ದು ಎಷ್ಟು ಎಂಬುದು ತಾಳೆಯಾಗಬೇಕು. ಒಂದೇ ಒಂದು ಹಾಳೆ ಕಡಿಮೆ ಬಿದ್ದರೂ ಅದನ್ನು ಹುಡುಕದೆ ಮುಂದಿನ ಕೆಲಸಕ್ಕೆ ಹೋಗುವಂತಿಲ್ಲ.

ಇಷ್ಟು ಬಿಗಿಗೆ ಕಾರಣವಿದೆ. ಐನೂರು ರೂಪಾಯಿಯ ನೋಟು ತಯಾರಿಸಲು ತಗಲುವುದು ಕೆಲವೇ ರೂಪಾಯಿ. ಉಳಿದ ಬೆಲೆಯನ್ನು ಅದಕ್ಕೆ ಕೊಡುವುದು ಕಾನೂನು ಮತ್ತು ಜನರ ನಂಬಿಕೆ. ಮುದ್ರಣಾಲಯದ ಕೆಲಸ ಆ ನಂಬಿಕೆಗೆ ಭಂಗ ಬರದಂತೆ ಕಾಯುವುದು. ಅಚ್ಚಾದ ಮಾತ್ರಕ್ಕೆ ನೋಟು ಹಣವಾಗುವುದೂ ಇಲ್ಲ. ಅದು ಕೇಂದ್ರ ಬ್ಯಾಂಕಿನ ಕೈಸೇರಿ, ಅಲ್ಲಿಂದ ಚಲಾವಣೆಗೆ ಬಿಡುಗಡೆಯಾದಾಗ ಹಣ. ಅಲ್ಲಿಯವರೆಗೆ ಬೆಲೆಬಾಳುವ ದಾಸ್ತಾನು ಅಷ್ಟೆ. ಭಾರತದಲ್ಲಿ 1934ರ ರಿಸರ್ವ್ ಬ್ಯಾಂಕ್ ಕಾಯ್ದೆಯ 22ನೇ ಕಲಮು ನೋಟು ಹೊರಡಿಸುವ ಅಧಿಕಾರವನ್ನು ರಿಸರ್ವ್ ಬ್ಯಾಂಕಿಗೆ ಮಾತ್ರ ಕೊಟ್ಟಿದೆ. 25ನೇ ಕಲಮಿನ ಪ್ರಕಾರ ನೋಟಿನ ವಿನ್ಯಾಸಕ್ಕೆ ಒಪ್ಪಿಗೆ ಕೊಡುವುದು ಕೇಂದ್ರ ಸರ್ಕಾರ. ಯೂರೋ ದೇಶಗಳಲ್ಲಿ ಪ್ರತಿವರ್ಷ ಎಷ್ಟು ನೋಟು ಬೇಕೆಂದು ನಿರ್ಧರಿಸುವುದು ಫ್ರಾಂಕ್‌ಫರ್ಟಿನ ಯುರೋಪಿಯನ್ ಕೇಂದ್ರ ಬ್ಯಾಂಕು. ಎಷ್ಟು ಅಚ್ಚಾಗಬೇಕು ಎಂಬ ತೀರ್ಮಾನ ಅಚ್ಚು ಹಾಕುವವರ ಕೈಯಲ್ಲೂ ಖರ್ಚು ಮಾಡುವವರ ಕೈಯಲ್ಲೂ ಇರಬಾರದು ಎಂಬುದು ಈ ಏರ್ಪಾಡುಗಳ ಹಿಂದಿನ ತತ್ವ.

ಈ ತತ್ವ ಸಡಿಲವಾದರೆ ಏನಾಗುತ್ತದೆ ಎಂಬುದನ್ನು 1923ರ ಜರ್ಮನಿ ನೋಡಿತು. ರೈನ್ ನದಿಯ ದಂಡೆಯ ಡ್ಯೂಸೆಲ್ಡಾರ್ಫ್ ಅದನ್ನು ಇನ್ನೂ ಹತ್ತಿರದಿಂದ ಕಂಡ ನಗರ. ರೂರ್ ಕಣಿವೆಯ ಕಲ್ಲಿದ್ದಲು ಮತ್ತು ಉಕ್ಕಿನ ಕಂಪನಿಗಳ ಕಚೇರಿಗಳು ನೆಲೆಸಿದ್ದ ಊರು ಅದು. ಮೊದಲ ಮಹಾಯುದ್ಧದಲ್ಲಿ ಸೋತ ಜರ್ಮನಿ ಕೊಡಬೇಕಿದ್ದ ಪರಿಹಾರದ ಜಗಳದಲ್ಲಿ ಮಿತ್ರರಾಷ್ಟ್ರಗಳ ಪಡೆಗಳು 1921ರ ಮಾರ್ಚ್ 8ರಂದೇ ಡ್ಯೂಸೆಲ್ಡಾರ್ಫನ್ನು ಹಿಡಿದುಕೊಂಡಿದ್ದವು. 1923ರ ಜನವರಿ 11ರಂದು ಫ್ರೆಂಚ್ ಮತ್ತು ಬೆಲ್ಜಿಯನ್ ಸೈನ್ಯ ಇಡೀ ರೂರ್ ಪ್ರದೇಶಕ್ಕೆ ನುಗ್ಗಿತು. ಜರ್ಮನ್ ಸರ್ಕಾರ ಅಸಹಕಾರಕ್ಕೆ ಕರೆಕೊಟ್ಟಿತು. ಗಣಿ ನಿಂತವು, ರೈಲು ನಿಂತಿತು, ಕೆಲಸ ನಿಲ್ಲಿಸಿದವರ ಕೂಲಿಯ ಹೊರೆ ಸರ್ಕಾರದ ಮೇಲೆ ಬಿತ್ತು. ಅದಕ್ಕೆ ಬೇಕಾದಷ್ಟು ತೆರಿಗೆ ಬರುತ್ತಿರಲಿಲ್ಲ. ಸರ್ಕಾರ ಸಾಲಪತ್ರ ಬರೆದುಕೊಟ್ಟಿತು, ಕೇಂದ್ರ ಬ್ಯಾಂಕಾದ ರೈಶ್‌ಬ್ಯಾಂಕ್ ಅದನ್ನು ಇಟ್ಟುಕೊಂಡು ನೋಟು ಕೊಟ್ಟಿತು.

ಮುಂದಿನದನ್ನು ಡಾಲರಿನ ಬೆಲೆಯಲ್ಲಿ ಓದಬಹುದು. ಮೊದಲ ಮಹಾಯುದ್ಧಕ್ಕೆ ಮುಂಚೆ ಒಂದು ಡಾಲರಿಗೆ 4.2 ಮಾರ್ಕ್ ಇತ್ತು. 1923ರ ಜನವರಿಯಲ್ಲಿ ಅದು ಸರಾಸರಿ 18,000 ಮಾರ್ಕ್ ಆಯಿತು, ಜುಲೈಯಲ್ಲಿ ಮೂರೂವರೆ ಲಕ್ಷ, ಸೆಪ್ಟೆಂಬರಿನಲ್ಲಿ ಸುಮಾರು 10 ಕೋಟಿ, ಅಕ್ಟೋಬರಿನಲ್ಲಿ 2,500 ಕೋಟಿ. ನವೆಂಬರ್ 20ರಂದು 4.2 ಲಕ್ಷ ಕೋಟಿಗೆ ಬಂದು ನಿಂತಿತು.

ಆರ್ಥಿಕ ಇತಿಹಾಸದ ಪುಸ್ತಕಗಳು ಈ ಅಂಕಿಗಳ ಹಿಂದಿನ ರಾಜಕೀಯವನ್ನು ವಿವರವಾಗಿ ಬರೆದಿವೆ. ಆ ಹಣವನ್ನು ಅಚ್ಚು ಹಾಕಿದ ಕೈಗಳ ಕಥೆ ಅಷ್ಟು ಪರಿಚಿತವಲ್ಲ. ರೈಶ್‌ಬ್ಯಾಂಕಿನ ನೋಟುಗಳನ್ನು ಮುದ್ರಿಸುತ್ತಿದ್ದುದು 1879ರಲ್ಲಿ ಸ್ಥಾಪನೆಯಾದ ಬರ್ಲಿನ್ನಿನ ರೈಶ್‌ಡ್ರುಕೆರೈ, ಅಂದರೆ ಸರ್ಕಾರಿ ಮುದ್ರಣಾಲಯ. ಒಂದು ಮುದ್ರಣಾಲಯ ಎಷ್ಟು ದುಡಿದರೂ ಈ ಬೇಡಿಕೆಗೆ ಸಾಲದು. ರೈಶ್‌ಬ್ಯಾಂಕ್ 133 ಖಾಸಗಿ ಮುದ್ರಣಾಲಯಗಳ 1,783 ಯಂತ್ರಗಳನ್ನು ನೋಟಿನ ಕೆಲಸಕ್ಕೆ ಹಚ್ಚಿತು. ಸುಮಾರು 30 ಗಿರಣಿಗಳು ಅದಕ್ಕೆಂದೇ ಕಾಗದ ಮಾಡಿದವು. ಕ್ಯಾಲೆಂಡರ್, ಪುಸ್ತಕ, ಡಬ್ಬಿಯ ಚೀಟಿ ಅಚ್ಚು ಹಾಕಿ ಅಭ್ಯಾಸವಿದ್ದ ಯಂತ್ರಗಳು ಹಗಲು ರಾತ್ರಿ ನೋಟು ಹೊರಹಾಕಿದವು. ಹಣದುಬ್ಬರದ ಆ ವರ್ಷಗಳಲ್ಲಿ ಒಟ್ಟು ಸುಮಾರು 1,000 ಕೋಟಿ ನೋಟು ತಯಾರಾದವು.

ರೈಶ್‌ಬ್ಯಾಂಕಿನ ಅಧ್ಯಕ್ಷ ರುಡಾಲ್ಫ್ ಹಾವೆನ್‌ಸ್ಟೈನ್ 1923ರ ಆಗಸ್ಟ್ 17ರಂದು ನೀಡಿದ ವರದಿ ಈ ಕಥೆಯಲ್ಲಿ ಮನಸ್ಸನ್ನು ಅತ್ಯಂತ ಕಲಕುವ ದಾಖಲೆ. ಬ್ಯಾಂಕು ಈಗ ದಿನಕ್ಕೆ 20 ಲಕ್ಷ ಕೋಟಿ ಮಾರ್ಕ್ ಹೊರಡಿಸುತ್ತಿದೆ, ಮುಂದಿನ ವಾರ ಅದು 46 ಲಕ್ಷ ಕೋಟಿಗೆ ಏರಲಿದೆ, ಚಲಾವಣೆಯಲ್ಲಿರುವ ಒಟ್ಟು ಹಣ 63 ಲಕ್ಷ ಕೋಟಿ ಎಂದು ಅವರು ತಿಳಿಸಿದರು. ಚಲಾವಣೆಯ ಮೂರನೇ ಎರಡು ಪಾಲಿನಷ್ಟು ಹಣವನ್ನು ಒಂದೇ ದಿನದಲ್ಲಿ ಹೊರಡಿಸುವ ಸಾಮರ್ಥ್ಯ ಬರಲಿದೆ ಎಂದು ಹೇಳುವಾಗ ಅವರ ಮಾತಿನಲ್ಲಿ ಆತಂಕಕ್ಕಿಂತ ಸಾಧನೆಯ ಸಮಾಧಾನವಿತ್ತು. ಅವರು ಅಪ್ರಾಮಾಣಿಕರಲ್ಲ, ದಕ್ಷರಾದ ಅಧಿಕಾರಿ. ಬೆಲೆ ಏರಿದೆ, ಜನರಿಗೆ ನೋಟು ಸಾಲುತ್ತಿಲ್ಲ, ಆದ್ದರಿಂದ ನೋಟು ಒದಗಿಸುವುದು ತಮ್ಮ ಕರ್ತವ್ಯ ಎಂದು ಅವರು ನಂಬಿದ್ದರು. ಒಂದು ಮುದ್ರಣ ವ್ಯವಸ್ಥೆ ಎಷ್ಟು ಚೆನ್ನಾಗಿ ನಡೆದರೂ ಅದಕ್ಕೆ ಕೊಟ್ಟ ಆಜ್ಞೆ ತಪ್ಪಾಗಿದ್ದರೆ ಆ ದಕ್ಷತೆಯೇ ಅಪಾಯವಾಗುತ್ತದೆ. ಆ ವಾರಕ್ಕೆ ಸ್ವಲ್ಪ ಮೊದಲು ರೈಶ್‌ಡ್ರುಕೆರೈಯ ಕಾರ್ಮಿಕರು ಮುಷ್ಕರ ಹೂಡಿದಾಗ ನೋಟಿನ ಪೂರೈಕೆ ನಿಂತು ದೇಶವೇ ತತ್ತರಿಸಿತು. ಆಗಸ್ಟ್ 12ರಂದು ವಿಲ್ಹೆಲ್ಮ್ ಕೂನೊ ಸರ್ಕಾರ ಬಿದ್ದದ್ದಕ್ಕೆ ಆ ಮುಷ್ಕರವೂ ಒಂದು ಕಾರಣ.

ಡ್ಯೂಸೆಲ್ಡಾರ್ಫಿನ ಕಷ್ಟ ಇದಕ್ಕಿಂತ ಒಂದು ಹೆಜ್ಜೆ ಮುಂದಿತ್ತು. ಬರ್ಲಿನ್ನಿನಿಂದ ಹೊರಟ ನೋಟಿನ ಪೆಟ್ಟಿಗೆಗಳು ಆಕ್ರಮಿತ ಪ್ರದೇಶದ ಗಡಿ ದಾಟಬೇಕು. ರೈಲು ಫ್ರೆಂಚ್ ಮತ್ತು ಬೆಲ್ಜಿಯನ್ ಆಡಳಿತದ ಕೈಯಲ್ಲಿತ್ತು. ಅಸಹಕಾರಕ್ಕೆ ಹೋಗುವ ಹಣವೆಂದು ಸೈನ್ಯ ಅಂಥ ಸಾಗಣೆಯನ್ನು ಮತ್ತೆ ಮತ್ತೆ ವಶಪಡಿಸಿಕೊಳ್ಳುತ್ತಿತ್ತು. ಸಂಬಳದ ದಿನ ಮಾತ್ರ ಯಾರಿಗಾಗಿಯೂ ಕಾಯುವುದಿಲ್ಲ. ಆ ಹೊತ್ತಿಗೆ ವಾರಕ್ಕೊಂದು ಸಂಬಳ ಹೋಗಿ ವಾರಕ್ಕೆ ಎರಡು ಸಲ, ಕೊನೆಗೆ ದಿನವೂ ಎನ್ನುವಂತಾಗಿತ್ತು. ಇದಕ್ಕೆ ಊರು ಕಂಡುಕೊಂಡ ದಾರಿ ನೋಟ್‌ಗೆಲ್ಡ್, ಅಂದರೆ ಸಂಕಟಕಾಲದ ಹಣ. 1922ರ ಜುಲೈ 17ರ ಕಾನೂನು ಷರತ್ತಿನ ಮೇಲೆ ಇದಕ್ಕೆ ಅವಕಾಶ ಕೊಟ್ಟಿತ್ತು. ಡ್ಯೂಸೆಲ್ಡಾರ್ಫ್ ನಗರಾಡಳಿತ ತನ್ನ ಹೆಸರಿನಲ್ಲಿ ನೋಟು ಹೊರಡಿಸಿತು. ಅದೇ ನಗರದಲ್ಲಿ ಕೇಂದ್ರ ಕಚೇರಿಯಿದ್ದ ರೈನ್ ಪ್ರಾಂತದ ಲಾಂಡೆಸ್‌ಬ್ಯಾಂಕ್ ಹೊರಡಿಸಿತು. ರೈಲ್ವೆ ಹೊರಡಿಸಿತು, ಕಾರ್ಖಾನೆಗಳು ಹೊರಡಿಸಿದವು. ಜರ್ಮನಿಯಲ್ಲಿ ಐದು ಸಾವಿರಕ್ಕೂ ಹೆಚ್ಚು ಸ್ಥಳಗಳಿಂದ ಹೀಗೆ ಹಣ ಹುಟ್ಟಿತು.

ಒಂದು ದೇಶದ ನೋಟು ಮುದ್ರಣ ಸಾವಿರಾರು ಕೈಗಳಿಗೆ ಹಂಚಿಹೋದಾಗ ಎಣಿಕೆ ಅಸಾಧ್ಯ. ಜೊತೆಗೆ ಒಂದು ಕೆಟ್ಟ ಆಸೆಯೂ ಹುಟ್ಟುತ್ತದೆ. ಇವತ್ತು ನೋಟು ಅಚ್ಚು ಹಾಕಿ ಸಾಮಾನು ಅಥವಾ ಡಾಲರು ಕೊಂಡುಕೊಂಡ ಸಂಸ್ಥೆ, ಆ ನೋಟು ವಾಪಸು ಬರುವ ಹೊತ್ತಿಗೆ ಬಿಡಿಗಾಸಿನಲ್ಲಿ ಸಾಲ ತೀರಿಸಬಹುದು. ನಡುವಿನ ನಷ್ಟವೆಲ್ಲ ಕೈಯಲ್ಲಿ ನೋಟು ಹಿಡಿದು ಬ್ರೆಡ್ಡಿನ ಅಂಗಡಿಯ ಮುಂದೆ ಸಾಲು ನಿಂತವರದು.

ಅವಸರ ನೋಟಿನ ಮೈಮೇಲೆಯೇ ಕಾಣುತ್ತಿತ್ತು. ಹಾಳೆಯ ಒಂದೇ ಮಗ್ಗುಲು ಮುದ್ರಿಸಿ ಇನ್ನೊಂದನ್ನು ಖಾಲಿ ಬಿಟ್ಟರು. 1922ರ ಡಿಸೆಂಬರ್ 15ರ ತಾರೀಖಿನ ಸಾವಿರ ಮಾರ್ಕಿನ ನೋಟುಗಳ ಮೇಲೆ 1923ರ ಸೆಪ್ಟೆಂಬರಿನಲ್ಲಿ ಕೆಂಪು ಶಾಯಿಯಲ್ಲಿ ನೂರು ಕೋಟಿ ಎಂದು ಅಡ್ಡಲಾಗಿ ಒತ್ತಿದರು. ಸಾವಿರಕ್ಕೂ ನೂರು ಕೋಟಿಗೂ ನಡುವೆ ಉಳಿದ ಭದ್ರತೆ ಒಂದು ಕೆಂಪು ಮುದ್ರೆ ಮಾತ್ರ. ಕೆಲವು ನೋಟುಗಳ ಮೇಲೆ ಕ್ರಮಸಂಖ್ಯೆಯೇ ಇರಲಿಲ್ಲ, ಮುದ್ರಿಸಿದ ಸಂಸ್ಥೆಯನ್ನು ತಿಳಿಸುವ ಅಕ್ಷರಗಳಷ್ಟೇ ಇದ್ದವು. ಯುದ್ಧಕ್ಕೆ ಮೊದಲು ರೈಶ್‌ಬ್ಯಾಂಕಿನ ಅತಿ ದೊಡ್ಡ ನೋಟು 1,000 ಮಾರ್ಕಿನದು. 1924ರ ಫೆಬ್ರುವರಿ 15ರ ತಾರೀಖು ಹೊತ್ತ ಕೊನೆಯ ದೈತ್ಯ ನೋಟಿನ ಬೆಲೆ ನೂರು ಲಕ್ಷ ಕೋಟಿ ಮಾರ್ಕ್.

ಈ ನೋಟುಗಳು ಏನೇನನ್ನು ಬಿಟ್ಟುಕೊಟ್ಟಿದ್ದವು ಎಂದು ತಿಳಿಯಲು ಸರಿಯಾದ ನೋಟು ಹೇಗೆ ತಯಾರಾಗುತ್ತದೆ ಎಂಬುದನ್ನು ನೋಡಬೇಕು.

ಮೊದಲು ಕಾಗದ. ಬರೆಯುವ ಕಾಗದ ಮರದ ತಿರುಳಿನದು. ಭಾರತದ ನೋಟೂ ಯೂರೋ ನೋಟೂ ಹತ್ತಿಯವು. ಹತ್ತಿಯ ನಾರು ಉದ್ದ ಮತ್ತು ಗಟ್ಟಿ, ಹಾಗಾಗಿ ನೋಟು ನೂರಾರು ಸಲ ಮಡಚಿದರೂ ಬೇಗ ಹರಿಯುವುದಿಲ್ಲ, ಕಿಸೆಯಲ್ಲಿ ಒದ್ದೆಯಾದರೂ ಮುದ್ದೆಯಾಗುವುದಿಲ್ಲ. ನೀರಿನಲ್ಲಿ ತೇಲುವ ಹತ್ತಿಯ ನಾರಿನಲ್ಲಿ ತಂತಿಬಲೆ ಹೊದಿಸಿದ ಉರುಳೆ ತಿರುಗುತ್ತದೆ. ನೀರು ಬಲೆಯೊಳಗೆ ಇಳಿದುಹೋಗಿ ನಾರು ಮೇಲೆ ಪದರವಾಗಿ ನಿಲ್ಲುತ್ತದೆ. ಆ ಬಲೆಯನ್ನು ಮೊದಲೇ ಗಾಂಧೀಜಿಯ ಮುಖದ ಆಕಾರಕ್ಕೆ ಉಬ್ಬುತಗ್ಗಾಗಿ ಒತ್ತಿರುತ್ತಾರೆ. ತಗ್ಗಿನಲ್ಲಿ ನಾರು ಹೆಚ್ಚು ಕೂಡುತ್ತದೆ, ಉಬ್ಬಿನಲ್ಲಿ ಕಡಿಮೆ. ಬೆಳಕಿಗೆ ಹಿಡಿದಾಗ ದಪ್ಪ ಜಾಗ ಕಪ್ಪಾಗಿ, ತೆಳು ಜಾಗ ಬೆಳ್ಳಗೆ ಕಾಣುತ್ತದೆ. ಇದೇ ನೀರುಗುರುತು. ಇದರಲ್ಲಿ ಶಾಯಿಯ ಪಾತ್ರವೇ ಇಲ್ಲ, ಹಾಗಾಗಿ ಯಾವ ಮುದ್ರಣ ಯಂತ್ರವೂ ಇದನ್ನು ಹುಟ್ಟಿಸಲಾರದು. ಭದ್ರತಾ ಎಳೆಯನ್ನೂ ಕಾಗದ ಹಸಿಯಿರುವಾಗಲೇ ನಾರಿನ ನಡುವೆ ಹಾಯಿಸುತ್ತಾರೆ. 1923ರ ನೋಟುಗಳಲ್ಲೂ ನೀರುಗುರುತು ಇತ್ತು. ಆದರೆ ಅವು ಬಹುಮಟ್ಟಿಗೆ ಗಿರಣಿಗಳ ಬಳಿ ಸಿದ್ಧವಿದ್ದ ಎಲೆ, ನಕ್ಷತ್ರದಂಥ ಸಾಮಾನ್ಯ ಮಾದರಿಗಳು.

ನೋಟಿನ ಕಾಗದಕ್ಕೆ ಇನ್ನೊಂದು ಲಕ್ಷಣವಿದೆ. ಅಂಗಡಿಯ ಬಿಳಿ ಕಾಗದಕ್ಕೆ ಹೊಳಪು ಬರಲೆಂದು ಸೇರಿಸುವ ರಾಸಾಯನಿಕ ಅತಿನೇರಳೆ ಬೆಳಕಿನಲ್ಲಿ ನೀಲಿಯಾಗಿ ಮಿನುಗುತ್ತದೆ. ನೋಟಿನ ಕಾಗದಕ್ಕೆ ಅದನ್ನು ಸೇರಿಸುವುದಿಲ್ಲ. ಬ್ಯಾಂಕಿನ ಕೌಂಟರಿನಲ್ಲಿ ನೇರಳೆ ದೀಪದ ಕೆಳಗೆ ಹಿಡಿದ ಅಸಲಿ ನೋಟು ಮಂಕಾಗಿಯೇ ಇದ್ದು, ಅದರಲ್ಲಿ ಬೇಕೆಂದೇ ಸೇರಿಸಿದ ನಾರು ಮತ್ತು ಶಾಯಿ ಮಾತ್ರ ಬೆಳಗುವುದು ಇದರಿಂದ. ಯೂರೋ ನೋಟಿನ ಕೆಂಪು ಮಿನುಗಿಗೆ ಯುರೋಪಿಯಂ ಎಂಬ ಧಾತು ಕಾರಣವೆಂದು ಡಚ್ ರಸಾಯನಶಾಸ್ತ್ರಜ್ಞರು ವಿಶ್ಲೇಷಿಸಿದ್ದಾರೆ.

ಕಾಗದ ಬಂದ ಮೇಲೆ ಆಫ್‌ಸೆಟ್ ಮುದ್ರಣ. ನೋಟಿನ ಹಿನ್ನೆಲೆಯ ತೆಳುಬಣ್ಣದ ಗೆರೆಗಳ ಜಾಲವನ್ನು ಈ ಯಂತ್ರ ಹಾಕುತ್ತದೆ. ಮನೆಯ ಪತ್ರಿಕೆಯನ್ನು ಮುದ್ರಿಸುವುದೂ ಆಫ್‌ಸೆಟ್ಟೇ, ಆದರೆ ನೋಟಿನ ಯಂತ್ರ ಹಾಳೆಯ ಎರಡೂ ಮಗ್ಗುಲನ್ನು ಒಂದೇ ಹೊತ್ತಿಗೆ ಒತ್ತುತ್ತದೆ. ಹಾಗಾಗಿ ಮುಂದಿನ ಚಿತ್ರದ ಅರ್ಧ ಮತ್ತು ಹಿಂದಿನ ಚಿತ್ರದ ಅರ್ಧ ಕೂದಲೆಳೆಯಷ್ಟೂ ಸರಿಯದೆ ಕೂಡಿ, ಬೆಳಕಿಗೆ ಹಿಡಿದಾಗ ಒಂದು ಪೂರ್ಣ ಅಂಕಿಯಾಗುತ್ತವೆ. ಒಂದು ಮಗ್ಗುಲು ಮುದ್ರಿಸಿ ಹಾಳೆ ಮಗುಚಿ ಇನ್ನೊಂದು ಮಗ್ಗುಲು ಮುದ್ರಿಸುವವನಿಗೆ ಈ ಹೊಂದಿಕೆ ಸುಲಭವಾಗಿ ದಕ್ಕುವುದಿಲ್ಲ.

ಆಮೇಲಿನದು ನೋಟು ಮುದ್ರಣದ ಹೃದಯವೆನ್ನಬಹುದಾದ ಇಂಟಾಗ್ಲಿಯೊ. ಲೋಹದ ತಗಡಿನಲ್ಲಿ ಚಿತ್ರವನ್ನು ಗೆರೆಗಳಾಗಿ ಕೊರೆದಿರುತ್ತಾರೆ. ಗೆರೆಗಳ ಆಳ ಮಿಲಿಮೀಟರಿನ ಸಣ್ಣ ಅಂಶ ಮಾತ್ರ. ತಗಡಿಗೆ ಅಂಟಿನಂಥ ದಪ್ಪ ಶಾಯಿ ಬಳಿದು ಮೇಲ್ಮೈಯನ್ನು ಪೂರ್ತಿ ಒರೆಸುತ್ತಾರೆ. ಶಾಯಿ ಗೆರೆಗಳ ತಗ್ಗಿನಲ್ಲಷ್ಟೇ ಉಳಿಯುತ್ತದೆ. ಈಗ ಹಾಳೆಯನ್ನು ತಗಡಿನ ಮೇಲಿಟ್ಟು ಟನ್‌ಗಟ್ಟಲೆ ಒತ್ತಡದಲ್ಲಿ ಉರುಳೆ ಹಾಯಿಸುತ್ತಾರೆ. ಕಾಗದ ಗೆರೆಯೊಳಕ್ಕೆ ಇಳಿದು ಶಾಯಿಯನ್ನು ಎತ್ತಿಕೊಳ್ಳುತ್ತದೆ, ಹಾಗೆಯೇ ಉಬ್ಬಿ ನಿಲ್ಲುತ್ತದೆ. ಹೊಸ ನೂರು ರೂಪಾಯಿ ನೋಟಿನ ಗಾಂಧೀಜಿ ಚಿತ್ರದ ಮೇಲೆ ಬೆರಳಾಡಿಸಿದರೆ ತರಿತರಿ ಸಿಗುವುದು ಇದೇ. ದೃಷ್ಟಿಯಿಲ್ಲದವರಿಗೆಂದು ನೋಟಿನ ಎರಡು ಅಂಚುಗಳಲ್ಲಿ ಉಬ್ಬು ಗೆರೆಗಳಿರುತ್ತವೆ: ನೂರಕ್ಕೆ ನಾಲ್ಕು, ಐನೂರಕ್ಕೆ ಐದು. ಬಣ್ಣದ ಜೆರಾಕ್ಸ್ ಯಂತ್ರ ಬಣ್ಣವನ್ನು ನಕಲು ಮಾಡೀತು, ಈ ಉಬ್ಬನ್ನು ಮಾಡಲಾರದು. ಇಂಟಾಗ್ಲಿಯೊ ತಗಡು ಸಿದ್ಧಪಡಿಸಲು ತಿಂಗಳುಗಳೇ ಹಿಡಿಯುತ್ತವೆ, ಶಾಯಿ ಒಣಗಲು ದಿನಗಳು ಬೇಕು. ದಿನಕ್ಕೊಂದು ಬೆಲೆಯ ನೋಟು ಕೇಳುತ್ತಿದ್ದ 1923ರಲ್ಲಿ ಇಂಥ ನಿಧಾನಕ್ಕೆ ಅವಕಾಶವೇ ಇರಲಿಲ್ಲ.

ಬಣ್ಣ ಬದಲಿಸುವ ಶಾಯಿ ಈಚಿನ ದಶಕಗಳ ಸೇರ್ಪಡೆ. ಐನೂರರ ನೋಟನ್ನು ಓರೆಮಾಡಿದರೆ ಬಲಬದಿಯ 500 ಎಂಬ ಅಂಕಿ ಹಸಿರಿನಿಂದ ನೀಲಿಗೆ ತಿರುಗುತ್ತದೆ. ಮಳೆಗಾಲದ ರಸ್ತೆಯಲ್ಲಿ ನೀರಿನ ಮೇಲೆ ಹರಡಿದ ಪೆಟ್ರೋಲಿನ ಪದರದಲ್ಲಿ ಬಣ್ಣ ಕಾಣುವುದೂ ಇದೇ ಕಾರಣಕ್ಕೆ. ತೆಳುಪದರದ ಮೇಲ್ಮೈಯಿಂದ ಮರಳಿದ ಬೆಳಕು ಮತ್ತು ತಳದಿಂದ ಮರಳಿದ ಬೆಳಕು ಕೂಡಿದಾಗ ಕೆಲವು ಬಣ್ಣ ಬಲಗೊಳ್ಳುತ್ತವೆ, ಕೆಲವು ಅಳಿಯುತ್ತವೆ. ನೋಡುವ ಕೋನ ಬದಲಾದರೆ ಬೆಳಕು ಪದರದೊಳಗೆ ಹಾಯುವ ದಾರಿಯೂ ಬದಲಾಗಿ ಬಣ್ಣ ಬೇರೆಯಾಗುತ್ತದೆ. ಶಾಯಿಯಲ್ಲಿ ಅಂಥ ಪದರಗಳ ಪುಡಿಯನ್ನು ಬೆರೆಸಿರುತ್ತಾರೆ. ಪದರದ ದಪ್ಪ ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ ಇರಬೇಕು, ಎಲ್ಲ ಕಣದಲ್ಲೂ ಒಂದೇ ಸಮ ಇರಬೇಕು. ಇದನ್ನು ಮಾಡಬಲ್ಲ ಕಂಪನಿಗಳು ಜಗತ್ತಿನಲ್ಲಿ ಬೆರಳೆಣಿಕೆಯಷ್ಟು.

ಕೊನೆಗೆ ಕ್ರಮಸಂಖ್ಯೆ, ತಪಾಸಣೆ, ಕತ್ತರಿಸುವಿಕೆ, ಕಟ್ಟು. ನೂರು ನೋಟಿನ ಒಂದು ಪ್ಯಾಕೆಟ್, ಹತ್ತು ಪ್ಯಾಕೆಟ್ಟಿನ ಒಂದು ಬಂಡಲ್. ಅಂಕಿ ಬಿದ್ದ ಮೇಲೆ ದೋಷ ಕಂಡ ನೋಟನ್ನು ತೆಗೆದರೆ ಸಾಲಿನಲ್ಲಿ ತೆರಪು ಬೀಳುತ್ತದೆ. ಭಾರತ 2006ರಿಂದ ಆ ತೆರಪಿಗೆ ನಕ್ಷತ್ರದ ಗುರುತಿನ ಬದಲಿ ನೋಟು ಸೇರಿಸುತ್ತಿದೆ. ಅದನ್ನು ಖೋಟಾ ಎಂದು ಹೆದರಿ ತಿರಸ್ಕರಿಸುವವರಿದ್ದಾರೆ. ಅದು ಎಲ್ಲ ನೋಟಿನಷ್ಟೇ ಸಾಚಾ.

ಜರ್ಮನಿಯ ಕಥೆ 1923ರ ನವೆಂಬರ್ 15ರಂದು ತಿರುಗಿತು. ಅಂದು ರೆಂಟೆನ್‌ಮಾರ್ಕ್ ಎಂಬ ಹೊಸ ನೋಟು ಬಂತು, ಒಂದಕ್ಕೆ ಹಳೆಯ ಒಂದು ಲಕ್ಷ ಕೋಟಿ. ಅದೇ ದಿನ ಸರ್ಕಾರದ ಸಾಲಪತ್ರಕ್ಕೆ ನೋಟು ಕೊಡುವುದನ್ನು ರೈಶ್‌ಬ್ಯಾಂಕ್ ನಿಲ್ಲಿಸಿತು. ಜನ ಸಾಮಾನ್ಯವಾಗಿ ರೆಂಟೆನ್‌ಮಾರ್ಕಿಗೆ ಜಮೀನಿನ ಅಡಮಾನದ ಆಧಾರವಿತ್ತು ಎಂಬುದನ್ನೇ ನೆನೆಯುತ್ತಾರೆ. ನಿಜವಾಗಿ ಕೆಲಸ ಮಾಡಿದ್ದು ಅದರ ಮಿತಿ. ಸರ್ಕಾರಕ್ಕೆ 120 ಕೋಟಿ ರೆಂಟೆನ್‌ಮಾರ್ಕಿಗಿಂತ ಹೆಚ್ಚು ಸಾಲ ಕೊಡಕೂಡದೆಂದು ಮೊದಲೇ ಗೆರೆ ಎಳೆದಿದ್ದರು. ಡಿಸೆಂಬರಿನಲ್ಲಿ ಸರ್ಕಾರ ಇನ್ನಷ್ಟು ಕೇಳಿದಾಗ ಆ ನೋಟು ಹೊರಡಿಸುತ್ತಿದ್ದ ರೆಂಟೆನ್‌ಬ್ಯಾಂಕ್ ಕೊಡಲಿಲ್ಲ. ಹಾವೆನ್‌ಸ್ಟೈನ್ ನವೆಂಬರ್ 20ರಂದು ತೀರಿಕೊಂಡರು, ಡಾಲರು 4.2 ಲಕ್ಷ ಕೋಟಿಯಲ್ಲಿ ನಿಂತ ಅದೇ ದಿನ.

ಡ್ಯೂಸೆಲ್ಡಾರ್ಫ್ ಮತ್ತು ಸುತ್ತಲಿನ ಊರುಗಳಿಗೆ ಬಿಡುಗಡೆ ಅಷ್ಟು ಸಲೀಸಾಗಿ ಸಿಗಲಿಲ್ಲ. ಕರೆನ್ಸಿ ಆಯುಕ್ತ ಯಾಲ್ಮಾರ್ ಶಾಖ್ಟ್ ರೈಶ್‌ಬ್ಯಾಂಕ್ ಇನ್ನು ನೋಟ್‌ಗೆಲ್ಡ್ ಸ್ವೀಕರಿಸುವುದಿಲ್ಲವೆಂದು ಘೋಷಿಸಿದರು. ಆಕ್ರಮಿತ ಪ್ರದೇಶದ ನಗರಗಳೂ ಕಂಪನಿಗಳೂ ಆ ಹಣದ ಮೇಲೆಯೇ ನಿಂತಿದ್ದವು. ನವೆಂಬರ್ 25ರಂದು ಕಲೋನ್ ನಗರದ ಸಭೆಯಲ್ಲಿ ರೈನ್ ಪ್ರದೇಶದ ಉದ್ಯಮಿಗಳೂ ನಗರ ಪ್ರತಿನಿಧಿಗಳೂ ಶಾಖ್ಟ್ ಮೇಲೆ ಹರಿಹಾಯ್ದರು. ಶಾಖ್ಟ್ ಬಗ್ಗಲಿಲ್ಲ. ಆ ನಿರ್ಧಾರ ಕಠಿಣವಾದರೂ ಸರಿಯಾದುದೇ. ಸಾವಿರಾರು ಕಡೆ ಅಚ್ಚಾಗುತ್ತಿದ್ದ ಹಣವನ್ನು ನಿಲ್ಲಿಸದೆ ಹೊಸ ಹಣ ಉಳಿಯುವಂತಿರಲಿಲ್ಲ. ಫ್ರೆಂಚ್ ಸೈನ್ಯ ಡ್ಯೂಸೆಲ್ಡಾರ್ಫ್ ಬಿಟ್ಟು ಹೋದದ್ದು 1925ರ ಆಗಸ್ಟಿನಲ್ಲಿ.

ಇಪ್ಪತ್ತೈದು ವರ್ಷದ ಬಳಿಕ ಅದೇ ದೇಶ ಇದಕ್ಕೆ ಪೂರಾ ವಿರುದ್ಧವಾದ ಸ್ಥಿತಿಯಲ್ಲಿತ್ತು. 1948ರಲ್ಲಿ ಪಶ್ಚಿಮ ಜರ್ಮನಿಯ ಹೊಸ ಡಾಯ್ಚ್ ಮಾರ್ಕ್ ನೋಟುಗಳು ಅಚ್ಚಾದದ್ದು ಅಮೆರಿಕದಲ್ಲಿ. ಸುಮಾರು 23,000 ಪೆಟ್ಟಿಗೆಗಳು ಗುಟ್ಟಾಗಿ ಬ್ರೆಮರ್‌ಹಾಫನ್ ಬಂದರಿಗೆ ಬಂದಿಳಿದವು. ಆಗ ಅಲ್ಲಿ ದೇಶವೆಂಬುದೇ ಇನ್ನೂ ರೂಪುಗೊಂಡಿರಲಿಲ್ಲ, ಹಾಗಾಗಿ ನೋಟಿನ ಮೇಲೆ ಹೊರಡಿಸಿದ ಬ್ಯಾಂಕಿನ ಹೆಸರಾಗಲಿ ಸಹಿಯಾಗಲಿ ಇರಲಿಲ್ಲ. ಎರಡನೇ ಮಹಾಯುದ್ಧದ ಬಳಿಕ ಬ್ರಿಟಿಷರ ಆಡಳಿತದಲ್ಲಿದ್ದ ಡ್ಯೂಸೆಲ್ಡಾರ್ಫಿನಲ್ಲಿಯೂ ಉಳಿದ ಊರುಗಳಲ್ಲಿಯೂ ಜೂನ್ 20ರಂದು ಜನ ಪಡಿತರ ಚೀಟಿಯ ಕಚೇರಿಗಳ ಮುಂದೆ ನಿಂತು ತಲಾ 40 ಮಾರ್ಕ್ ಪಡೆದರು. ಹೆಸರಿಲ್ಲದ ನೋಟನ್ನು ಜನ ನಂಬಿದರು, ಏಕೆಂದರೆ ಅದು ಎಣಿಸಿದ ನೋಟಾಗಿತ್ತು.

ಖೋಟಾ ನೋಟಿನ ಪ್ರವಾಹದಿಂದ ಶತ್ರು ದೇಶವೊಂದು ಆರ್ಥಿಕತೆ ಕೆಡಿಸಬಹುದೆಂಬ ಭಯ ಶೀತಲಸಮರದಲ್ಲಿ ಮರಳಿತು. ಪಶ್ಚಿಮ ಜರ್ಮನಿಯ ಕೇಂದ್ರ ಬ್ಯಾಂಕಾದ ಬುಂಡೆಸ್‌ಬ್ಯಾಂಕ್ ಬೇರೆಯೇ ವಿನ್ಯಾಸದ ಸುಮಾರು 1,500 ಕೋಟಿ ಮಾರ್ಕಿನ ಬದಲಿ ನೋಟುಗಳನ್ನು ಅಚ್ಚು ಹಾಕಿಸಿ ಮೋಸೆಲ್ ನದಿಯ ದಂಡೆಯ ಕೊಖೆಮ್ ಊರಿನಲ್ಲಿ, ಸಾಮಾನ್ಯ ಮನೆಗಳ ಕೆಳಗಿನ ಬಂಕರಿನಲ್ಲಿ ಬಚ್ಚಿಟ್ಟಿತು. 1988ರವರೆಗೂ ಅವು ಅಲ್ಲಿದ್ದವು. ಚಲಾವಣೆಗೆ ಬರಲೇ ಇಲ್ಲ, ಕೊನೆಗೆ ಅವನ್ನು ನಾಶಮಾಡಿದರು.

ಇಂದು ಡ್ಯೂಸೆಲ್ಡಾರ್ಫಿನ ಬರ್ಲಿನರ್ ಆಲೀ ರಸ್ತೆಯಲ್ಲಿ ಬುಂಡೆಸ್‌ಬ್ಯಾಂಕಿನ ಪ್ರಾದೇಶಿಕ ಆಡಳಿತ ಕಚೇರಿ ಇದೆ. ನೋಟು ಮಾತ್ರ ಅಲ್ಲಿ ಅಚ್ಚಾಗುವುದಿಲ್ಲ. ಯೂರೋ ದೇಶಗಳು ಮುದ್ರಣವನ್ನು ಹಂಚಿಕೊಂಡಿವೆ, ಒಂದೊಂದು ಕೇಂದ್ರ ಬ್ಯಾಂಕಿಗೆ ಕೆಲವು ಬೆಲೆಯ ನೋಟುಗಳ ಪಾಲು. ಹೊಸ ಸರಣಿಯ ಯೂರೋ ನೋಟಿನ ಕ್ರಮಸಂಖ್ಯೆಯ ಮೊದಲ ಅಕ್ಷರವೇ ಮುದ್ರಿಸಿದವರನ್ನು ಹೇಳುತ್ತದೆ: ಆರ್ ಎಂದರೆ ಬರ್ಲಿನ್ನಿನ ಬುಂಡೆಸ್‌ಡ್ರುಕೆರೈ, ಡಬ್ಲ್ಯೂ ಎಂದರೆ ಗೀಸೆಕೆ ಮತ್ತು ಡೆವ್ರಿಯೆಂಟ್ ಕಂಪನಿಯ ಲೈಪ್‌ಜಿಗ್ ಘಟಕ. ಮುದ್ರಣದೊಂದಿಗೆ ಡ್ಯೂಸೆಲ್ಡಾರ್ಫಿನ ನಂಟು ಈಗ ಉಳಿದಿರುವುದು 1951ರಲ್ಲಿ ಶುರುವಾದ ದ್ರೂಪಾ ಮುದ್ರಣ ಮೇಳದಲ್ಲಿ. ನೋಟಿನ ಯಂತ್ರಗಳನ್ನೂ ತಯಾರಿಸುವ ವ್ಯೂರ್ತ್ಸ್‌ಬರ್ಗಿನ ಕೋಯ್ನಿಗ್ ಮತ್ತು ಬೌಎರ್ ಕಂಪನಿ ಅಲ್ಲಿ ಪ್ರದರ್ಶನಕ್ಕೆ ಬರುವವರಲ್ಲಿ ಒಂದು. 1817ರಲ್ಲಿ ಸ್ಥಾಪನೆಯಾದ ಈ ಕಂಪನಿಯ ಫ್ರೀಡ್ರಿಖ್ ಕೋಯ್ನಿಗ್ ಹಬೆಯ ಶಕ್ತಿಯಿಂದ ಓಡುವ ಮುದ್ರಣ ಯಂತ್ರವನ್ನು ಕಂಡುಹಿಡಿದವರು.

ಕನ್ನಡನಾಡಿನಲ್ಲಿ ಈ ಉದ್ಯಮದ ಊರು ಮೈಸೂರು. 1990ರ ದಶಕದವರೆಗೆ ಭಾರತದ ನೋಟು ನಾಶಿಕ್ ಮತ್ತು ದೇವಾಸ್‌ಗಳ ಸರ್ಕಾರಿ ಮುದ್ರಣಾಲಯಗಳಲ್ಲಿ ಅಚ್ಚಾಗುತ್ತಿತ್ತು. ಬೇಡಿಕೆ ಅವುಗಳ ಶಕ್ತಿ ಮೀರಿದಾಗ ರಿಸರ್ವ್ ಬ್ಯಾಂಕ್ 1995ರ ಫೆಬ್ರುವರಿ 3ರಂದು ಭಾರತೀಯ ರಿಸರ್ವ್ ಬ್ಯಾಂಕ್ ನೋಟ್ ಮುದ್ರಣ್ ಎಂಬ ಕಂಪನಿಯನ್ನು ಬೆಂಗಳೂರನ್ನು ಕೇಂದ್ರವಾಗಿಟ್ಟುಕೊಂಡು ಸ್ಥಾಪಿಸಿತು. 1996ರಲ್ಲಿ ಮೈಸೂರಿನ ಮುದ್ರಣಾಲಯವೂ ಅದೇ ವರ್ಷ ಪಶ್ಚಿಮ ಬಂಗಾಳದ ಸಾಲ್ಬನಿಯದೂ ಕೆಲಸ ಆರಂಭಿಸಿದವು. ಎರಡೂ ಸೇರಿ ಎರಡು ಪಾಳಿಯಲ್ಲಿ ವರ್ಷಕ್ಕೆ 1,600 ಕೋಟಿ ನೋಟು ಮುದ್ರಿಸಬಲ್ಲವು.

ಆದರೆ ಮುದ್ರಣಾಲಯ ಒಂದಿದ್ದರೆ ಸಾಲದು. ಕಾಗದದ ಬಹುಪಾಲು ಯುರೋಪಿನ ಗಿರಣಿಗಳಿಂದ ಬರುತ್ತಿತ್ತು, ಬೇರೆ ದೇಶಗಳಿಗೂ ಕಾಗದ ಮಾರುವ ಅವೇ ಗಿರಣಿಗಳು. 2010ರಲ್ಲಿ ಎರಡು ಸರ್ಕಾರಿ ಸಂಸ್ಥೆಗಳು ಸೇರಿ ಮೈಸೂರಿನಲ್ಲಿ ನೋಟಿನ ಕಾಗದದ ಗಿರಣಿಗೆ ಕಂಪನಿ ಕಟ್ಟಿದವು, ಅದರ ವಾರ್ಷಿಕ ಸಾಮರ್ಥ್ಯ 12,000 ಟನ್. 2022ರ ಮಾರ್ಚ್ 28ರಂದು ರಿಸರ್ವ್ ಬ್ಯಾಂಕಿನ ಅಂದಿನ ಗವರ್ನರ್ ಶಕ್ತಿಕಾಂತ ದಾಸ್ ಮೈಸೂರಿನಲ್ಲಿ ವರ್ಣಿಕಾ ಎಂಬ ಶಾಯಿ ಕಾರ್ಖಾನೆಯನ್ನು ದೇಶಕ್ಕೆ ಸಮರ್ಪಿಸಿದರು. ವರ್ಷಕ್ಕೆ 1,500 ಟನ್ ಶಾಯಿ ಮಾಡಬಲ್ಲ ಈ ಘಟಕದಲ್ಲಿ ಬಣ್ಣ ಬದಲಿಸುವ ಇಂಟಾಗ್ಲಿಯೊ ಶಾಯಿಯೂ ತಯಾರಾಗುತ್ತದೆ. ಕಾಗದ, ಶಾಯಿ, ಅಚ್ಚು ಮೂರೂ ಒಂದೇ ಊರಿನಲ್ಲಿ ಸೇರಲು ಇಪ್ಪತ್ತಾರು ವರ್ಷ ಹಿಡಿಯಿತು.

ಅವಸರದ ಪರೀಕ್ಷೆ ಭಾರತಕ್ಕೂ ಬಂತು, ಬೇರೆ ಕಾರಣಕ್ಕೆ. 2016ರ ನವೆಂಬರ್ 8ರ ರಾತ್ರಿ 500 ಮತ್ತು 1,000 ರೂಪಾಯಿಯ ಹಳೆಯ ನೋಟುಗಳು ಚಲಾವಣೆ ಕಳೆದುಕೊಂಡಾಗ ಅವುಗಳ ಸಂಖ್ಯೆ ಸುಮಾರು 2,400 ಕೋಟಿ. ಮೈಸೂರು ಮತ್ತು ಸಾಲ್ಬನಿ ಒಂದು ವರ್ಷದಲ್ಲಿ ಮುದ್ರಿಸಬಲ್ಲದ್ದರ ಒಂದೂವರೆ ಪಟ್ಟು ಅದು. 2015-16ರಲ್ಲಿ 3,421 ಕೋಟಿ ರೂಪಾಯಿ ಇದ್ದ ಮುದ್ರಣದ ಖರ್ಚು ಮರುವರ್ಷ 7,965 ಕೋಟಿಗೆ ಏರಿತು. ಮುದ್ರಣಾಲಯಗಳು ಪಾಳಿ ಹೆಚ್ಚಿಸಿ ದುಡಿದವು. ಅಷ್ಟಾದರೂ ಎಟಿಎಂ ಮುಂದಿನ ಸಾಲುಗಳು ಕರಗಲು ತಿಂಗಳುಗಳು ಬೇಕಾದವು. ನೋಟಿನ ಅಳತೆ ಬದಲಾದದ್ದರಿಂದ ಎಟಿಎಂ ಪೆಟ್ಟಿಗೆಗಳನ್ನೂ ಮರುಹೊಂದಿಸಬೇಕಾಗಿತ್ತು. ಅಷ್ಟು ದೊಡ್ಡ ಬದಲಾವಣೆಗೆ ನೋಟಿನ ದಾಸ್ತಾನು ಮೊದಲೇ ಸಿದ್ಧವಿರಬೇಕಿತ್ತು ಎಂಬುದು ಮುದ್ರಣದ ಲೆಕ್ಕ ತಿಳಿದ ಯಾರಿಗೂ ಸ್ಪಷ್ಟ.

ಸಾಮಾನ್ಯ ವರ್ಷಗಳಲ್ಲಿ ಈ ಕೆಲಸ ಹೀಗೆ ಸುದ್ದಿಯಾಗುವುದಿಲ್ಲ. ಎಷ್ಟು ನೋಟು ಕೊಳೆತು ಹಿಂದಕ್ಕೆ ಬರುತ್ತವೆ, ಜನರ ವ್ಯವಹಾರ ಎಷ್ಟು ಬೆಳೆದೀತು, ತುರ್ತಿಗೆ ಎಷ್ಟು ದಾಸ್ತಾನು ಬೇಕು ಎಂದು ಅಂದಾಜು ಮಾಡಿ ರಿಸರ್ವ್ ಬ್ಯಾಂಕ್ ಮುದ್ರಣಾಲಯಗಳಿಗೆ ಬೇಡಿಕೆಪಟ್ಟಿ ಕಳಿಸುತ್ತದೆ. ಹೆಚ್ಚು ಕೈ ಬದಲಿಸುವ ಸಣ್ಣ ನೋಟುಗಳು ಬೇಗ ಸವೆಯುವುದರಿಂದ ಅವುಗಳ ಬದಲಿಗೆ ಬೇರೆ ಲೆಕ್ಕ. ಹಳೆಯವನ್ನು ಯಂತ್ರಗಳು ಎಣಿಸಿ, ಅಸಲಿ ಎಂದು ಖಚಿತಪಡಿಸಿಕೊಂಡು ಚೂರುಚೂರು ಮಾಡುತ್ತವೆ. ಎಷ್ಟು ನೋಟು ಬಂತು, ಎಷ್ಟು ನಾಶವಾಯಿತು, ಎಷ್ಟು ಖೋಟಾ ಸಿಕ್ಕಿತು, ಮುದ್ರಣಕ್ಕೆ ಎಷ್ಟು ಖರ್ಚಾಯಿತು ಎಂಬುದೆಲ್ಲ ಪ್ರತಿವರ್ಷ ರಿಸರ್ವ್ ಬ್ಯಾಂಕಿನ ವಾರ್ಷಿಕ ವರದಿಯ ಕರೆನ್ಸಿ ನಿರ್ವಹಣೆಯ ಅಧ್ಯಾಯದಲ್ಲಿ ಅಚ್ಚಾಗುತ್ತದೆ, ಮತ್ತು ಅದನ್ನು ಯಾರು ಬೇಕಾದರೂ ಓದಬಹುದು.